ಕೆಂಪು ಗೆರೆಯ ಅರವತ್ತೊಂದು ಫಾರಂ

1992ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೆಯ ತರಗತಿಯ ಅರ್ಧ ವರ್ಷದ ಪರೀಕ್ಷೆ ಮುಗಿದಿತ್ತು. ಗಣಿತದಲ್ಲಿ ಇಡೀ ತರಗತಿಗೆ ನನ್ನದೇ ಹೆಚ್ಚು ಅಂಕ. ಇದನ್ನು ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಅಪ್ಪ ಸೈಕಲ್ ಮೇಲೆ ಸ್ಟೀಲ್ ಪಾತ್ರೆ, ಭಾಂಡೆ ಮಾರುತ್ತಿದ್ದ. ಅವನ ಕಣ್ಣು ಮಂಜಾಗಿ, ಕೊಡದ ಮೇಲೆ ಹೆಸರು ಕೊರೆಯುವ ಕೆಲಸ ಅವನಿಂದ ಆಗದಾಯಿತು. ಅಕ್ಷರ ಚೆನ್ನಾಗಿದ್ದ ಮಗ ಮನೆಯಲ್ಲೇ ಇದ್ದ. ಹೀಗೆ ನನ್ನ ಚೆಂದದ ಅಕ್ಷರವೇ ನನ್ನನ್ನು ಶಾಲೆಯಿಂದ ಹೊರಗೆ ತಂದಿತು.

ಆಮೇಲೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಾನು ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಓಣಿಗಳಲ್ಲಿ ತಿರುಗಿದೆ. ಮೊದಲು ಸೈಕಲ್, ಆಮೇಲೆ ಸ್ವಂತದ ಮೂರು ಗಾಲಿಯ ಟಂಟಂ ಗಾಡಿ. ಯಾರ ಮುಂದೆಯೂ ಕೈಯೊಡ್ಡದೆ ತೆಗೆದುಕೊಂಡ ಗಾಡಿ ಅದು. ಒಬ್ಬನೇ ತಿರುಗುವವನಿಗೆ ಎಚ್ಚರದಲ್ಲೇ ಕನಸು ಕಾಣುವ ಚಟ ಹತ್ತುತ್ತದೆ. ಮಾಗಿಯ ಮುಂಜಾನೆ ತೊಗರಿ ಹೊಲದ ಮೇಲೆ ಮಂಜು ಕುಳಿತಿರುತ್ತದೆ. ಹಳದಿ ಹೂ ಕಾಣುತ್ತವೆ, ಗಿಡ ಕಾಣುವುದಿಲ್ಲ. ದಾರಿ ಎಲ್ಲಿ ಮುಗಿದು ಊರು ಎಲ್ಲಿ ಶುರುವಾಯಿತು ಎಂಬುದು ರೊಟ್ಟಿಯ ವಾಸನೆಯಿಂದ ಮಾತ್ರ ತಿಳಿಯುತ್ತದೆ. ಅಂಥ ಹೊತ್ತಿನಲ್ಲಿ ನಾನು ಭಾಂಡೆ ಮಾರುವವನೋ, ಯಾವುದೋ ಊರಿಗೆ ಬೀಗನಾಗಿ ಹೊರಟವನೋ ನನಗೇ ಮರೆತುಹೋಗುತ್ತಿತ್ತು.

ಪ್ಲಾಸ್ಟಿಕ್ಕಿನ ಕಾಲ ಬಂದು ಭಾಂಡೆ ವ್ಯಾಪಾರ ತಣ್ಣಗಾಗಿ, ನಾನು ಗಾಡಿಯನ್ನು ಬಾಡಿಗೆಗೆ ಓಡಿಸತೊಡಗಿದ ದಿನಗಳಲ್ಲಿ ಒಬ್ಬ ವಿದ್ಯಾರ್ಥಿನಿ ನನ್ನ ಗಾಡಿ ಹತ್ತಿದಳು. ಮಂಡ್ಯದ ಕಡೆಯ ಹುಡುಗಿ. ಡಿಗ್ರಿ ಮುಗಿಸಿ ಅದರ ಮೇಲಿನ ಓದು ಓದುತ್ತಿದ್ದಳು. ಯಾವ ಓದು ಎಂದು ಕೇಳಿದೆ.

“ದವಾಖಾನೆಯ ಸೇವೆ ಜನರಿಗೆ ಹೇಗೆ ಮುಟ್ಟುತ್ತೆ, ಎಲ್ಲಿ ನಿಂತುಹೋಗುತ್ತೆ ಅಂತ ಮನೆಮನೆಗೆ ಹೋಗಿ ಕೇಳಿ ಬರೆಯೋದು ಅಣ್ಣ. ಆಮೇಲೆ ಅದನ್ನ ಹೇಗೆ ಸರಿ ಮಾಡಬಹುದು ಅಂತ ಹೇಳೋದು.”

“ಡಾಕ್ಟರ್ ಆಗ್ತೀರೇನ್ರಿ?”

“ಡಾಕ್ಟರೇ. ಆದ್ರೆ ಸೂಜಿ ಚುಚ್ಚೋ ಡಾಕ್ಟರ್ ಅಲ್ಲ.”

“ಛಲೋ ಆತ್ ಬಿಡ್ರಿ. ಸೂಜಿ ಇಲ್ಲಂದ್ರ ಮಂದಿ ಬಾಗ್ಲಾ ತಗೀತಾರ.”

ಮಂದಿ ಬಾಗಿಲು ತೆಗೆಯಲಿಲ್ಲ. ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಕೊರಳಲ್ಲಿ ಗುರುತಿನ ಚೀಟಿ ನೋಡಿದ ಕೂಡಲೇ ಯಾವುದೋ ವಸೂಲಿಯವರು ಬಂದರೆಂದು ಹೆಂಗಸರು ಒಳಗೆ ಹೋಗುತ್ತಿದ್ದರು. ಮೂರು ದಿನ ಗಾಡಿಯಲ್ಲಿ ಕುಳಿತು ಇದನ್ನು ನೋಡಿದೆ. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಬಾಗಿಲ ಎದುರು ನಿಲ್ಲಬಾರದು, ಪಕ್ಕಕ್ಕೆ ಕಟ್ಟೆಯ ಬಳಿ ನಿಲ್ಲಬೇಕು. ಮೊದಲು ನೀರು ಕೇಳಬೇಕು. ನೀರು ಕೊಟ್ಟವರು ಮಾತೂ ಕೊಡುತ್ತಾರೆ. ಅವಳಿಗೆ ಇಷ್ಟು ತೋರಿಸಿಕೊಟ್ಟೆ. ವಾರದೊಳಗೆ ಅವಳು ನನ್ನನ್ನೇ ಫಾರಂ ತುಂಬುವ ಕೆಲಸಕ್ಕೆ ತೆಗೆದುಕೊಂಡಳು.

ಅದಕ್ಕೂ ಒಂದು ತರಬೇತಿ ಇತ್ತು. ಬೀದರದಲ್ಲಿ ಅವಳು ಬಾಡಿಗೆ ಹಿಡಿದ ಕೋಣೆಯಲ್ಲಿ ನಾಲ್ಕು ದಿನ ನನ್ನನ್ನು ಕೂರಿಸಿ ಕಲಿಸಿದಳು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬಾರದು. ಒಪ್ಪಿಗೆ ಇಲ್ಲದೆ ಬರೆಯಬಾರದು. ಗೊತ್ತಿಲ್ಲ ಎಂದರೆ ಗೊತ್ತಿಲ್ಲ ಎಂದೇ ಬರೆಯಬೇಕು. ಎಲ್ಲಕ್ಕಿಂತ ದೊಡ್ಡ ನಿಯಮವನ್ನು ಗೋಡೆಗೆ ಅಂಟಿಸಿದ್ದಳು: ಅವರು ಹೇಳಿದ್ದನ್ನು ಬರೆಯಿರಿ, ನಿಮಗೆ ತಿಳಿದದ್ದನ್ನು ಬರೆಯಬೇಡಿ. ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಬೆಂಚಿನ ಮೇಲೆ ಕುಳಿತಿದ್ದೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಕಾಗದದ ಮೇಲೆ ಬೀಳುತ್ತಿತ್ತು. ನಾನು ಎಲ್ಲೋ ತೇಲಿಹೋಗಿ ಮತ್ತೆ ಬರುತ್ತಿದ್ದೆ. ಆದರೆ ಒಂದು ನಿಯಮವನ್ನೂ ಮರೆಯಲಿಲ್ಲ.

ಅವಳ ಬಳಿ ಒಂದು ಪಟ್ಟಿ ಇತ್ತು. ಭಾಲ್ಕಿ ಕಡೆಯ ಸರ್ಕಾರಿ ದವಾಖಾನೆಗಳಲ್ಲಿ ಬಿಪಿ ಗುಳಿಗೆ ಶುರು ಮಾಡಿ, ಕೆಲವು ತಿಂಗಳ ಮೇಲೆ ಬರುವುದು ಬಿಟ್ಟ ಹೆಂಗಸರ ಪಟ್ಟಿ. ಒಬ್ಬೊಬ್ಬರಿಗೂ ಒಂದು ನಂಬರು. ಅವರು ಯಾಕೆ ಬಿಟ್ಟರು ಎಂಬುದೇ ಅವಳ ಓದು. ಮುಂಜಾನೆ ಅವಳು ನಂಬರು ಕೊಡುವಳು, ಸಂಜೆ ನಾನು ತುಂಬಿದ ಫಾರಂ ಕೊಡುವೆ, ಅವಳು ನಂಬರು ನೋಡಿ ಕಟ್ಟಿಗೆ ಸೇರಿಸುವಳು.

ಮೆಹಕರದ ಮನೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂಗಳದಲ್ಲಿ ಸೋಯಾ ರಾಶಿ, ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನ ಫೋಟೊ, ರಾಶಿಯ ಪಕ್ಕದಲ್ಲಿ ಮೊರ ಹಿಡಿದ ಅತ್ತೆ. ಪಟ್ಟಿಯಲ್ಲಿದ್ದ ಹೆಸರು ಹೇಳಿದೆ.

“ನನ್ನ ಸೊಸಿರಿ. ತವರಿಗಿ ಹೋಗ್ಯಾಳ. ಅವರವ್ವನ ಕಾಲ ಮುರದದ, ನೋಡ್ಕೊಳ್ಳಾಕ ಹೋಗಿ ನಾಲ್ಕ್ ತಿಂಗಳಾತು,” ಅಂದಳು.

“ತವರ ಯಾವೂರಾತ್ರಿ ಆಯಿ?”

“ಸಂತಪುರ. ಯಾಕ, ಕರ್ಕೊಂಡ್ ಬರ್ತೀಯೇನ್? ಕರ್ಕೊಂಡ್ ಬಾ. ಒಬ್ಬಾಕೇ ಹಸನ ಮಾಡಿ ಮಾಡಿ ನನ್ನ ಟೊಂಕಾ ಬಿದ್ದದ.”

ಬೇರೆ ಯಾರಾದರೂ ‘ಸಿಗಲಿಲ್ಲ’ ಎಂದು ಬರೆದು ಮನೆಗೆ ಹೋಗುತ್ತಿದ್ದರು. ನಾನು ಅಂಥವನಲ್ಲ. ಮರುದಿನವೇ ಸಂತಪುರಕ್ಕೆ ಹೋದೆ. ಗಾಡಿ ರಿಪೇರಿಗೆ ಬಿಟ್ಟಿದ್ದರಿಂದ ಬಸ್ಸಿನಲ್ಲಿ ಹೋಗಬೇಕಾಯಿತು. ಔರಾದ ದಾರಿಯ ಬಸ್ಸಿನಲ್ಲಿ ಮಧ್ಯಾಹ್ನ ಕುಳಿತರೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಹೊತ್ತು ಬರುತ್ತದೆ. ಕರಿ ಹೊಲ ಹಿಂದಕ್ಕೆ ಜಾರುತ್ತಿರುತ್ತದೆ, ಹತ್ತಿಯ ಎಳೆ ಕಿಟಕಿಯಿಂದ ಒಳಗೆ ತೇಲಿಬರುತ್ತದೆ. ಅವತ್ತು ನನಗೆ ಬಾಗಿಲುಗಳು ಕಾಣತೊಡಗಿದವು. ಒಂದು ಬಾಗಿಲು ತೆಗೆದರೆ ಅದರೊಳಗೆ ಇನ್ನೊಂದು, ಪ್ರತಿ ಬಾಗಿಲಲ್ಲೂ ಒಬ್ಬ ಹೆಂಗಸು ಚೊಂಬು ಹಿಡಿದು ನಿಂತಿದ್ದಾಳೆ. ನೀರು ಕುಡಿದು ಚೊಂಬು ತಿರುಗಿ ಕೊಡುವಷ್ಟರಲ್ಲಿ ಆಕೆ ಒಳಗೆ ಹೋಗಿರುತ್ತಾಳೆ. ಕಂಡಕ್ಟರ್ ಭುಜ ತಟ್ಟಿ ಇಳಿಸಿದ.

ಸಂತಪುರದಲ್ಲಿ ಆ ಹೆಣ್ಣುಮಗಳು ಹಿತ್ತಲಲ್ಲಿ ತಾಯಿಗೆ ತಲೆ ಬಾಚುತ್ತಿದ್ದಳು. ಮೆಹಕರದಿಂದ ಬಂದೆ ಎಂದೆ. ನೀರು ಕೊಟ್ಟಳು, ಮಾತೂ ಕೊಟ್ಟಳು. ಫಾರಂನ ಮೊದಲ ಪ್ರಶ್ನೆ: ನಿಮ್ಮ ಹೆಸರೇನು? ಆಕೆ ಹೇಳಿದಳು, ನಾನು ಬರೆದೆ. ಊರು? ಸಂತಪುರ. ಬರೆದೆ. ಗುಳಿಗೆ ಬಿಟ್ಟಿದ್ದೀರಾ ಎಂದರೆ, “ಇಲ್ರಿ, ದಿನಾ ತಗೋತೇನಿ. ಇಲ್ಲಿ ದವಾಖಾನ್ಯಾಗೇ ಕೊಡ್ತಾರ,” ಅಂದಳು. ಅದನ್ನೂ ಬರೆದು, ಪಟ್ಟಿಯ ನಂಬರನ್ನು ಮೇಲೆ ಹಾಕಿದೆ. ಅಕ್ಷರ ಅಚ್ಚು ಹಾಕಿದಂತಿತ್ತು. ಹೀಗೆ ತವರಿಗೆ ಹೋದವರನ್ನೆಲ್ಲ ಹುಡುಕಿಕೊಂಡು ಹೋದೆ. ಔರಾದ, ಬೀದರ, ಗಡಿ ದಾಟಿ ಮಹಾರಾಷ್ಟ್ರದ ಎರಡು ಊರು. ನಾಲ್ಕು ತಿಂಗಳಲ್ಲಿ ಇನ್ನೂರ ಹದಿನಾಲ್ಕು ಫಾರಂ ತುಂಬಿದೆ. ಒಂದರಲ್ಲೂ ಕಾಟು ಹೊಡೆದಿರಲಿಲ್ಲ.

ಅವಳ ಗೈಡ್ ಸರ್ ಬೆಂಗಳೂರಿನಿಂದ ಬಂದರು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ವಿದ್ಯಾರ್ಥಿಯ ಕೆಲಸ ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ಅವರದೇ. ಎರಡು ದಿನ ಕೋಣೆಯಲ್ಲಿ ಕುಳಿತು ಪಟ್ಟಿಯನ್ನೂ ಫಾರಂಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಮೂರನೆಯ ದಿನ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಟ್ಟುಗಳಿದ್ದವು. ಸಣ್ಣ ಕಟ್ಟಿನ ಪ್ರತಿ ಫಾರಂಗೂ ಅಡ್ಡ ಒಂದು ಕೆಂಪು ಗೆರೆ.

“ಎಷ್ಟು ಓದಿದ್ದೀರಿ?” ಅಂದರು.

“ಒಂಬತ್ತನೇ ಅರ್ಧರಿ.”

“ಪಟ್ಟಿಯಲ್ಲಿ ಇದ್ದವರು ಸಿಗದಿದ್ದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಿದ್ದರು?”

“ಸಿಗಲಿಲ್ಲ ಅಂತ ಬರೀಬೇಕ್ರಿ.”

“ಮತ್ತೆ ಈ ಅರವತ್ತೊಂದರಲ್ಲಿ ಸಿಗದವರ ಬದಲು ಸಿಕ್ಕವರನ್ನ ಕೂರಿಸಿದ್ದೀರಲ್ಲ? ಇವರೆಲ್ಲ ಬೇರೆ ಹೆಂಗಸರು. ಇವನ್ನ ಇಟ್ಟುಕೊಂಡರೆ ಉಳಿದವುಗಳ ಮೇಲೂ ನಂಬಿಕೆ ಹೋಗುತ್ತೆ. ನಿಮ್ಮ ಕೈಯಲ್ಲಿ ತುಂಬಿಸಿದ್ದನ್ನೆಲ್ಲ ನಾನು ತೆಗೆದುಹಾಕಬೇಕಾಗುತ್ತೆ.”

ಮೂರು ತಾಲ್ಲೂಕಿನಲ್ಲಿ ಯಾವ ತಾಯಿಯೂ ನನಗೆ ಸುಳ್ಳ ಅಂದಿಲ್ಲ. ತೂಕದಲ್ಲಿ ಮೋಸ ಮಾಡಿದವನಲ್ಲ, ಕೊರೆದ ಅಕ್ಷರದಲ್ಲಿ ತಪ್ಪು ಮಾಡಿದವನಲ್ಲ. ವಿದ್ಯಾರ್ಥಿನಿ ಗೋಡೆಗೆ ಒರಗಿ ನಿಂತಿದ್ದಳು. “ಅಣ್ಣ, ಏನಾಯ್ತು ಅಂತ ನೀವೇ ಹೇಳಿ,” ಅಂದಳು. ಅವಳ ದನಿ ಸಣ್ಣಗಾಗಿತ್ತು. ನಾನು ಹಲಗೆ, ಪೆನ್ನು, ಕೊರಳ ಚೀಟಿ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಫಾರಂನಲ್ಲಿ ಯಾವುದು ತಾಳೆಯಾಗಲಿಲ್ಲ ಎಂದು ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು. ಸಿಟ್ಟು ಬಗ್ಗಲು ಬಿಡಲಿಲ್ಲ.

ಸಂಜೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಗೋಡೆಗೆ ಒರಗಿ ಕುಳಿತಿದ್ದೆ. ತಲೆಯ ಮೇಲೆ ಬುದ್ಧನ ಫೋಟೊ. ಕಣ್ಣು ಮುಚ್ಚಿದರೆ ಆ ಅರವತ್ತೊಂದು ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ರೊಟ್ಟಿಯ ತಟ ತಟ ಸಪ್ಪಳಕ್ಕೆ ಸರಿಯಾಗಿ ಒಂದು, ಇನ್ನೊಂದು.

“ಹಿಂಗ್ಯಾಕ ಕುಂತೀರಿ? ಯಾರ ಏನಂದ್ರು?”

“ಸುಳ್ಳ ಫಾರಂ ಬರ್ದಾನ ಅಂದ್ರು. ಮೆಹಕರದಾಕಿ ಬದ್ಲಿಗಿ ಸಂತಪುರದಾಕಿನ್ನ ಕೂಡ್ಸ್ಯಾನಂತ.”

“ಇಬ್ಬರು ಬ್ಯಾರೆ ಬ್ಯಾರೇನು?”

“ಇಲ್ಲ. ಒಬ್ಬಾಕೇ. ಮೆಹಕರ ಗಂಡನ ಮನಿ, ಸಂತಪುರ ತವರು.”

“ಮತ್ತ ಹಂಗಂತ ಹೇಳ್ಬೇಕಿಲ್ಲೊ?”

“ಅದನ್ನೇನ್ ಹೇಳೂದು? ಲಗ್ನದಾಗ ಹೆಸರ ಬದ್ಲಿ ಆಗ್ತಾದ, ತವರಿಗಿ ಹೋದ್ರ ಹಳೀ ಹೆಸರ. ಎಲ್ಲಾರಿಗಿ ಗೊತ್ತಿದ್ದದ್ದೇ.”

ರೊಟ್ಟಿಯ ಸಪ್ಪಳ ನಿಂತಿತು. “ಎಲ್ಲಾರು ಅಂದ್ರ ಯಾರ್ರಿ? ಆ ಸಾಹೇಬ್ರ ಊರಾಗೂ ಹಂಗ ಮಾಡ್ತಾರಂತ ನಿಮಗ ಯಾರ್ ಹೇಳ್ಯಾರ? ಆ ಹುಡುಗಿ ಊರಾಗ ಮಾಡ್ತಾರೇನು?”

ಆ ನಾಲ್ಕು ತಿಂಗಳೂ ನನ್ನ ತಲೆಯಲ್ಲಿ ಈ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ. ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ ಅದರಲ್ಲಿ ಸೊಸೆಯ ಹೊಸ ಹೆಸರು ಬರೆಯುತ್ತಾರೆ. ಎಲ್ಲ ಮನೆಗಳಲ್ಲೂ ಅಲ್ಲ, ಬಹಳ ಮನೆಗಳಲ್ಲಿ. ಅವತ್ತಿನಿಂದ ಆ ಊರಿಗೆ ಆಕೆ ಅದೇ ಹೆಸರಿನವಳು. ತವರೂರಿನ ಅಗಸಿ ಬಾಗಿಲು ದಾಟಿದಳೆಂದರೆ ಹಳೆಯ ಹೆಸರು ಬಂದು ಮೈಗೆ ಹತ್ತಿಕೊಳ್ಳುತ್ತದೆ. ಒಂದೇ ಮದುವೆಗೆ ತವರಿನವರ ಕೊಡದ ಮೇಲೆ ಒಂದು ಹೆಸರು, ಅತ್ತೆ ಮನೆಯವರ ಕೊಡದ ಮೇಲೆ ಇನ್ನೊಂದು ಹೆಸರು ನಾನೇ ಎಷ್ಟೋ ಸಲ ಕೊರೆದುಕೊಟ್ಟಿದ್ದೇನೆ. ಗೋಡೆಯ ಮೇಲಿನ ನಿಯಮ ಬೇರೆ ಇತ್ತಲ್ಲ: ಅವರು ಹೇಳಿದ್ದನ್ನು ಬರೆಯಿರಿ, ನಿಮಗೆ ತಿಳಿದದ್ದನ್ನು ಬರೆಯಬೇಡಿ. ನಾನು ಅದನ್ನು ಅಕ್ಷರ ಬಿಡದಂತೆ ಪಾಲಿಸಿದ್ದೆ.

“ನನ್ನ ಹೆಸರ ಮನ್ನಳ್ಳ್ಯಾಗ ಏನದ, ಹೇಳ್ರಿ ನೋಡೂಣು,” ಅಂದಳು ಹೆಂಡತಿ. ಮನ್ನಳ್ಳಿ ಅವಳ ತವರು.

ಗೊತ್ತಿತ್ತು. ಆದರೆ ಮದುವೆಯಾದಾಗಿನಿಂದ ಆ ಹೆಸರನ್ನು ನಾನು ಬಾಯಿಂದ ಅಂದಿರಲಿಲ್ಲ. ಮೆಲ್ಲಗೆ ಅಂದೆ. ಅವಳು ಒಲೆಯ ಕಡೆಗಿದ್ದ ಮುಖವನ್ನು ತಿರುಗಿಸಿ ನೋಡಿದಳು. ಆ ಒಂದು ಕ್ಷಣ ಹಿಟ್ಟು ಹತ್ತಿದ ಕೈಯ ಒಬ್ಬ ಹುಡುಗಿ, ನನಗೆ ಪರಿಚಯವೇ ಇಲ್ಲದವಳು, ನನ್ನ ಮನೆಯ ಒಲೆಯ ಮುಂದೆ ಕುಳಿತಿದ್ದಳು. ಆಮೇಲೆ ಮತ್ತೆ ನನ್ನ ಹೆಂಡತಿಯಾಗಿ, “ಸಿಟ್ಟ್ ಮನ್ಯಾಗ ಇಟ್ಟ್ ಹೋಗ್ರಿ ನಾಳೆ. ಮೊದ್ಲು ಉಣ್ರಿ,” ಅಂದಳು.

ಬೆಳಿಗ್ಗೆ ಮತ್ತೆ ಆ ಕೋಣೆಗೆ ಹೋದೆ. ಬಿಟ್ಟು ಬಂದ ಜಾಗಕ್ಕೆ ತಿರುಗಿ ಹೋಗಿ ಅಭ್ಯಾಸವಿಲ್ಲ ನನಗೆ. ಗೈಡ್ ಸರ್ ಊರಿಗೆ ಹೋಗಲು ಚೀಲ ಕಟ್ಟುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ:

“ಸರ್, ಒಂದ್ ಮನಿಗಿ ಬರ್ರಿ. ಯಾವ ಮನಿ ಅಂತ ನೀವೇ ಹೇಳ್ರಿ. ನಂದು ಸುಳ್ಳ್ ಆತಂದ್ರ ಇನ್ನೂರ ಹದಿನಾಲ್ಕೂ ನಾನೇ ಹರದ್ ಒಗೀತೇನಿ.”

ಅವರು ವಿದ್ಯಾರ್ಥಿನಿಯ ಮುಖ ನೋಡಿದರು. ಕೆಂಪು ಗೆರೆಯ ಕಟ್ಟಿನಿಂದ ಕಣ್ಣು ಮುಚ್ಚಿ ಒಂದು ಫಾರಂ ಎಳೆದರು. ಔರಾದ ಕಡೆಯ ಒಂದು ಸಣ್ಣ ಊರು ಬಂತು. ಹೊರಟೇ ಬಿಡಬೇಕು ಅನ್ನುವಷ್ಟರಲ್ಲಿ ವಿದ್ಯಾರ್ಥಿನಿ, “ಸರ್, ಆ ಮೆಹಕರ-ಸಂತಪುರದ್ದು ಹತ್ತಿರ, ಅದೂ ಒಂದು ನೋಡಿಬಿಡೋಣ,” ಅಂದಳು. ಮೊದಲು ಮೆಹಕರಕ್ಕೇ ಹೋದೆವು. ನನ್ನ ಟಂಟಂನಲ್ಲೇ. ಸರ್ ಹಿಂದಿನ ಸೀಟಿನಲ್ಲಿ ಫಾರಂ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಹಾಳೆ ತಿರುವುತ್ತಿದ್ದರು.

ಸೊಸೆ ಗಂಡನ ಮನೆಗೆ ವಾಪಸು ಬಂದಿದ್ದಳು. ಅತ್ತೆ ಹೊರಸು ಹಾಕಿ ಸರ್ ಅವರನ್ನು ಕೂರಿಸಿದಳು. ಸರ್ ತಾವೇ ಕೇಳಿದರು: “ನಿಮ್ಮ ಹೆಸರೇನಮ್ಮ?”

ಆಕೆ ಪಟ್ಟಿಯಲ್ಲಿದ್ದ ಹೆಸರು ಹೇಳಿದಳು. ಸರ್ ನನ್ನ ಕಡೆ ನೋಡಿದರು. ಫಾರಂನಲ್ಲಿ ಇದ್ದದ್ದು ಬೇರೆ ಹೆಸರು. ನಾನು ಬಾಯಿ ಬಿಡಲಿಲ್ಲ. ಉತ್ತರವನ್ನು ಪ್ರಶ್ನೆಯೊಳಗೆ ಇಡಬಾರದಲ್ಲ. ಸರ್ ಫಾರಂನಲ್ಲಿದ್ದ ಹೆಸರನ್ನು ಓದಿ, “ಇವರು ಯಾರು?” ಅಂದರು.

ಆಕೆ ಸೆರಗು ಬಾಯಿಗಿಟ್ಟು ನಕ್ಕಳು. “ಅದೂ ನಾನೇರಿ.”

“ಎರಡರಲ್ಲಿ ನಿಜವಾದ ಹೆಸರು ಯಾವುದು?”

“ಎಲ್ಡೂ ಖರೇ ಅದಾವ್ರಿ. ಒಂದ್ ನಮ್ಮವ್ವ ಇಟ್ಟಿದ್ದು, ಒಂದ್ ಇವರು ಇಟ್ಟಿದ್ದು.”

“ನಾ ಇಟ್ಟಿದ್ದೇ ಖರೇದು ಬರಕೋರಿ ಸಾಹೇಬ್ರ,” ಅಂದಳು ಅತ್ತೆ ಒಳಗಿನಿಂದ ಚಹಾ ತರುತ್ತ. “ಅದು ಅವರೂರಾಗಿಂದು. ಈ ಮನ್ಯಾಗ ನಡ್ಯಾಂಗಿಲ್ಲ.”

“ಮತ್ತೆ ಸಂತಪುರದ ದವಾಖಾನೆಯಲ್ಲಿ ಯಾಕೆ ಆ ಹೆಸರು ಕೊಟ್ಟಿರಿ?”

“ಅಲ್ಲಿ ಇಲ್ಲೀ ಹೆಸರ ಕೂಗಿದ್ರ ನಾನೇ ತಿರುಗಿ ನೋಡಾಂಗಿಲ್ರಿ. ನರ್ಸಬಾಯಿ ನನ್ನ ಸಾಲಿ ಗೆಳತಿ, ಕೇಳಲಾರ್ದೇ ಬರ್ದಾಳ.”

“ಆಧಾರ್ ಕಾರ್ಡ್?”

“ಗುಳಿಗಿ ತರ್ಲಾಕ ಅದನ್ಯಾರ್ ಒಯ್ತಾರ್ರಿ?”

ಸರ್ ಕೇಳುವ ಮೊದಲೇ ಆಕೆ ಒಳಗೆ ಹೋಗಿ ಒಂದು ಬಟ್ಟೆಯ ಚೀಲ ತಂದಳು. ಅದರಿಂದ ಎರಡು ಗುಳಿಗೆ ಕಾರ್ಡು ತೆಗೆದಳು. ಎರಡು ದವಾಖಾನೆ, ಎರಡು ಹೆಸರು, ಎರಡು ನಂಬರು. ಇಲ್ಲಿಯ ಕಾರ್ಡು ನಿಂತ ತಿಂಗಳಿಗೆ ಅಲ್ಲಿಯದು ಶುರುವಾಗಿತ್ತು. ಬಿಟ್ಟವಳು ಎಂದು ಪಟ್ಟಿಯಲ್ಲಿದ್ದ ಹೆಣ್ಣುಮಗಳು ಒಂದು ದಿನವೂ ಗುಳಿಗೆ ಬಿಟ್ಟಿರಲಿಲ್ಲ.

ಸರ್ ಎರಡೂ ಕಾರ್ಡುಗಳನ್ನು ಅಂಗೈಯಲ್ಲಿಟ್ಟುಕೊಂಡು ತಾರೀಖುಗಳನ್ನು ಒಂದೊಂದಾಗಿ ತಾಳೆ ನೋಡಿದರು. ಚಹಾದ ಮೇಲೆ ಕೆನೆ ಕಟ್ಟಿತು. ವಿದ್ಯಾರ್ಥಿನಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

“ಇದನ್ನ ನೀವು ನಿನ್ನೆ ಯಾಕೆ ಹೇಳಲಿಲ್ಲ?” ಅಂದರು ಸರ್.

“ನಿನ್ನಿ ಸಿಟ್ಟ್ ಬಂದಿತ್ರಿ.”

“ಅದಕ್ಕೂ ಮೊದಲು? ಫಾರಂನಲ್ಲೇ ಬರೆಯಬಹುದಿತ್ತಲ್ಲ.”

“ಫಾರಂದಾಗ ಅದನ್ನ ಬರೀಲಾಕ ಖಾನಿನೇ ಇಲ್ಲಲ್ರಿ ಸರ್.”

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಔರಾದ ಕಡೆಯ ಆ ಊರಿಗೂ ಅವತ್ತೇ ಹೋದೆವು. ಅಲ್ಲೂ ಒಬ್ಬಳೇ, ಎರಡು ಹೆಸರು. ತಿರುಗಿ ಬರುವಾಗ ಹೊತ್ತು ಇಳಿಯುತ್ತಿತ್ತು. ಸರ್ ನನ್ನ ಪಕ್ಕದ ಸೀಟಿಗೆ ಬಂದು ಕುಳಿತು, ಊರು ಬಂದಾಗಲೆಲ್ಲ ಅದರ ಹೆಸರು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಬಾಗಿಲುಗಳಲ್ಲಿ ಹೆಂಗಸರು ಕಸ ಗುಡಿಸುತ್ತಿದ್ದರು, ನೀರು ತರುತ್ತಿದ್ದರು. ಒಬ್ಬೊಬ್ಬಳ ಹಿಂದೆಯೂ ಇನ್ನೊಂದು ಊರು, ಅಲ್ಲಿ ಯಾರೋ ಬೇರೆ ಹೆಸರು ಹಿಡಿದು ಕೂಗುತ್ತಿರುವುದು ನನಗೆ ಕೇಳಿಸಿದಂತಾಯಿತು. ಗಾಡಿಯನ್ನು ಬಹಳ ಮೆಲ್ಲಗೆ ಓಡಿಸಿದೆ.

ಬೀದರ ಮುಟ್ಟಿದ ಮೇಲೆ ಸರ್ ಹೇಳಿದ್ದು ನನಗೆ ಹಿಡಿಸಲಿಲ್ಲ, ಆದರೆ ಸರಿಯಿತ್ತು. ಎರಡು ಮನೆ ನೋಡಿದ್ದಕ್ಕೆ ಅರವತ್ತೊಂದನ್ನೂ ಒಪ್ಪಲಾಗದು, ಪ್ರತಿಯೊಬ್ಬರ ಎರಡೂ ಕಾರ್ಡು ಕಣ್ಣಾರೆ ನೋಡಿ ಬರಬೇಕು ಅಂದರು. ಫಾರಂಗೆ ಒಂದು ಹೊಸ ಪ್ರಶ್ನೆ ಸೇರಿತು: ತವರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ? ಆ ಪ್ರಶ್ನೆಯ ಮಾತುಗಳನ್ನು ಕೂರಿಸಿದವನು ನಾನು. ವಿದ್ಯಾರ್ಥಿನಿ ‘ವಿವಾಹಪೂರ್ವ ಹೆಸರು’ ಎಂದು ಬರೆದಿದ್ದಳು. ಹಾಗೆ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ ಎಂದು ಹೊಡೆದುಹಾಕಿಸಿದೆ.

ಮತ್ತೆ ಎರಡು ತಿಂಗಳು ತಿರುಗಿದೆ. ತವರಿನ ಹೆಸರು ಕೇಳಿದಾಗ ಹೆಂಗಸರ ಮುಖದಲ್ಲಿ ಏನೋ ಆಗುತ್ತಿತ್ತು. ಕೆಲವರು ನಕ್ಕರು, ಕೆಲವರು ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದರು. ಒಬ್ಬ ಮುದುಕಿ ಗೇಟಿನವರೆಗೂ ನನ್ನ ಜೊತೆ ನಡೆದು ಬಂದು, “ಇನ್ನೊಮ್ಮಿ ಕರಿ ತಮ್ಮಾ, ಆ ಹೆಸರ ಕೇಳಿ ಭಾಳ ದಿನಾತು,” ಅಂದಳು. ಕರೆದೆ. “ಹೂಂ,” ಅಂದು ಒಳಗೆ ಹೋದಳು.

ನಿಜವಾಗಿಯೂ ಗುಳಿಗೆ ಬಿಟ್ಟವರು ಬಹಳ ಜನ ಇದ್ದರು. ಅವರ ಕಾರಣಗಳೆಲ್ಲ ವಿದ್ಯಾರ್ಥಿನಿಯ ಪುಸ್ತಕದಲ್ಲಿವೆ. ಅವಳಿಗೆ ಡಾಕ್ಟರ್ ಪದವಿ ಬಂತು. ಈಗ ಪ್ರತಿ ವರ್ಷ ಅದೇ ಓದಿನ ಹೊಸ ಹುಡುಗರು ಹುಡುಗಿಯರು ಬರುತ್ತಾರೆ. ಗೈಡ್ ಸರ್ ಅವರನ್ನು ಮೊದಲು ನನ್ನ ಮನೆಗೇ ಕಳಿಸುತ್ತಾರೆ. ಕಟ್ಟೆಯ ಬಳಿ ಹೇಗೆ ನಿಲ್ಲಬೇಕು, ನೀರು ಹೇಗೆ ಕೇಳಬೇಕು ಎಂದು ನನ್ನ ಅಂಗಳದಲ್ಲೇ ಕಲಿಸುತ್ತೇನೆ. ನನ್ನ ಹೆಂಡತಿ ಬಾಗಿಲು ತೆಗೆಯದ ಹೆಂಗಸಾಗಿ ಒಳಗೆ ನಿಲ್ಲುತ್ತಾಳೆ, ಸುಲಭಕ್ಕೆ ತೆಗೆಯುವುದಿಲ್ಲ.

ಇವತ್ತು ಎಣಿಸಿದರೆ ನನಗಿರುವುದು ಇಷ್ಟು: ಸ್ವಂತದ ಮನೆ ಒಂದು. ಟಂಟಂ ಒಂದು. ಕಲಿಸಿದ ವಿದ್ಯಾರ್ಥಿಗಳು ಹನ್ನೊಂದು. ಕೆಂಪು ಗೆರೆಯ ಅರವತ್ತೊಂದು ಫಾರಂಗಳಲ್ಲಿ ಉಳಿದುಕೊಂಡವು ಐವತ್ತೇಳು. ಎರಡು ಕಾರ್ಡು ತೋರಿಸಲಾಗದೆ ಹೋದವು ನಾಲ್ಕು.